ಹ್ಯಾಂಡ್‌ಶೇಕ್ ಆಗ್ತಿಲ್ಲ: ಕೀಲಿಯೇ ಗುರುತಾದ ಓವರ್‌ಲೇ ಜಾಲದಲ್ಲಿ ದೋಷ ಹುಡುಕುವ ಕೈಪಿಡಿ

ತಿಪಟೂರಿನ ಕೊಬ್ಬರಿ ಗೋದಾಮಿನಲ್ಲಿ ತೂಕದ ಕಂಪ್ಯೂಟರ್, ಕೋಲಾರ ಎಪಿಎಂಸಿಯ ಟೊಮೆಟೊ ಮಂಡಿಯಲ್ಲಿ ಬಿಲ್ಲಿಂಗ್, ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಯೂನಿಟ್ಟಿನಲ್ಲಿ ಕ್ಯಾಮೆರಾ. ಮೂರು ಕಡೆ ಮೂರು ಬಗೆಯ ಇಂಟರ್ನೆಟ್: ಒಂದು ಕಡೆ ಫೈಬರ್, ಇನ್ನೊಂದು ಕಡೆ 4ಜಿ ಡಾಂಗಲ್, ಮತ್ತೊಂದು ಕಡೆ ಎರಡೂ. ಇವನ್ನು ಇಂಟರ್ನೆಟ್ಟಿನ ಮೇಲೆಯೇ ಹಾಸಿದ ಒಂದು ಖಾಸಗಿ ಜಾಲಕ್ಕೆ, ಅಂದರೆ ಓವರ್‌ಲೇಗೆ, ಸೇರಿಸಲು ಪ್ರತಿ ಜಾಗದಲ್ಲಿ ಅಂಗೈಯಗಲದ ಒಂದು ರಾಸ್ಪ್‌ಬೆರಿ ಪೈ ಕಂಪ್ಯೂಟರ್ (ಮುಂದೆ ಬರೀ ‘ಪೈ’) ಮತ್ತು ಬಾಡಿಗೆಯ ಒಂದು ಕ್ಲೌಡ್ ಸರ್ವರ್ ಸಾಕು. ಕಷ್ಟ ಇರುವುದು ಸೇರಿಸುವುದರಲ್ಲಲ್ಲ, ಅದು ನಿಂತ ದಿನ ಎಲ್ಲಿ ನಿಂತಿತು ಎಂದು ಹುಡುಕುವುದರಲ್ಲಿ. ಈ ಕೈಪಿಡಿ ಅದಕ್ಕಾಗಿ. ವಿವರಣೆಯೆಲ್ಲ ವೈರ್‌ಗಾರ್ಡ್ ಬಳಸಿದ ಜಾಲದ್ದು. ಎರಡು ಯಂತ್ರಗಳ ನಡುವೆ ಹೊರಗಿನವರು ಓದಲಾಗದ ಖಾಸಗಿ ದಾರಿ, ಅಂದರೆ ಟನೆಲ್, ಹಾಕುವ ತಂತ್ರಾಂಶ ಅದು.

ಮಾದರಿಗೆ ಈ ವಿಳಾಸಗಳನ್ನು ಇಟ್ಟುಕೊಳ್ಳೋಣ. ಹಬ್ (ಕ್ಲೌಡ್ ಸರ್ವರ್) 10.50.0.1. ತಿಪಟೂರು 10.50.0.11, ಅದರ ಒಳಜಾಲ 192.168.11.0/24 (/24 ಎಂದರೆ 192.168.11 ಎಂದು ಶುರುವಾಗುವ ಎಲ್ಲ ವಿಳಾಸಗಳು). ಕೋಲಾರ 10.50.0.21, ಒಳಜಾಲ 192.168.21.0/24. ಶಿಡ್ಲಘಟ್ಟ 10.50.0.31, ಒಳಜಾಲ 192.168.31.0/24. ಮಾಲೀಕರ ಮೊಬೈಲ್ 10.50.0.101.

ಯಾರು? ಎಲ್ಲಿ?

ಮಾಮೂಲಿ ಇಂಟರ್ನೆಟ್ಟಿನಲ್ಲಿ ಐಪಿ ವಿಳಾಸಕ್ಕೆ ಎರಡು ಕೆಲಸ. ಯಂತ್ರ ಎಲ್ಲಿದೆ ಎಂದು ಹೇಳುವುದೂ ಅದೇ, ಯಾರು ಎಂದು ಹೇಳುವುದೂ ಅದೇ. ಮನೆ ನಂಬರೇ ಹೆಸರೂ ಆಗಿಬಿಟ್ಟರೆ ಮನೆ ಬದಲಿಸಿದವರ ಹೆಸರೂ ಬದಲಾಗುತ್ತದೆ. ಫೈಬರ್ ಬಿಟ್ಟು 4ಜಿಗೆ ಹೋದ ಯಂತ್ರದ ಪಾಡೂ ಇಷ್ಟೇ. ಈ ಎರಡು ಕೆಲಸಗಳನ್ನು ಬೇರ್ಪಡಿಸಬೇಕು ಎಂಬ ಯೋಚನೆ ಹಳೆಯದು. ಹೋಸ್ಟ್ ಐಡೆಂಟಿಟಿ ಪ್ರೋಟೋಕಾಲ್‌ನ ರಚನೆಯನ್ನು ವಿವರಿಸುವ ಆರ್‌ಎಫ್‌ಸಿ 4423 (ಆರ್‌ಎಫ್‌ಸಿ ಎಂದರೆ ಇಂಟರ್ನೆಟ್ಟಿನ ತಾಂತ್ರಿಕ ದಾಖಲೆ) ಬಂದದ್ದು 2006ರಲ್ಲಿ. ಆ ಪ್ರೋಟೋಕಾಲ್‌ನ ಎರಡನೇ ಆವೃತ್ತಿ ಆರ್‌ಎಫ್‌ಸಿ 7401 ಆಗಿ 2015ರಲ್ಲಿ ಬಂತು. ಅದರಲ್ಲಿ ಯಂತ್ರದ ಹೆಸರು ಎಂದರೆ ಅದರ ಪಬ್ಲಿಕ್ ಕೀ, ಅಂದರೆ ಯಂತ್ರದೊಳಗೆ ಗುಟ್ಟಾಗಿರುವ ಪ್ರೈವೇಟ್ ಕೀಗೆ ಜೋಡಿಯಾದ, ಬೇರೆಯವರಿಗೆ ಕೊಡಬಹುದಾದ ಕೀಲಿ. ವೈರ್‌ಗಾರ್ಡ್‌ನ ಗುರುತೂ ಅದೇ ಜಾತಿಯದು, ಆದರೆ ಬಳಸಲು ಬಹಳ ಸರಳ. ಲಿನಕ್ಸ್ ಕರ್ನೆಲ್ 5.6ರ ಜೊತೆ 2020ರಲ್ಲಿ ಒಳಸೇರಿದ ಮೇಲೆ ಬೇರೆ ಇನ್‌ಸ್ಟಾಲ್ ಮಾಡುವ ತಲೆಬಿಸಿಯೂ ಕಡಿಮೆಯಾಯಿತು.

ಹಾಗಾಗಿ ಈ ಜಾಲದಲ್ಲಿ ದೋಷ ಬಂದಾಗ ಮೊದಲ ಪ್ರಶ್ನೆ ಒಂದೇ: ಕೆಟ್ಟಿರುವುದು ‘ಯಾರು’ ಎಂಬ ಕಡೆಯೋ, ‘ಎಲ್ಲಿ’ ಎಂಬ ಕಡೆಯೋ? ಲಿನಕ್ಸ್‌ನಲ್ಲಿ ಪಿಂಗ್ (ಆ ಯಂತ್ರ ಓಗೊಡುತ್ತದೆಯೇ ಎಂದು ನೋಡುವ ಕಮಾಂಡ್) ಕೊಟ್ಟಾಗ ಬರುವ ಎರಡು ತಪ್ಪು ಸಂದೇಶಗಳು ಇದನ್ನೇ ಹೇಳುತ್ತವೆ, ಆದರೆ ಹೆಚ್ಚಿನವರು ಓದದೇ ಮುಂದೆ ಹೋಗುತ್ತಾರೆ. ‘ರಿಕ್ವೈರ್ಡ್ ಕೀ ನಾಟ್ ಅವೈಲಬಲ್’ ಎಂದು ಬಂದರೆ ಆ ವಿಳಾಸ ಯಾರದು ಎಂದೇ ಈ ಯಂತ್ರಕ್ಕೆ ಗೊತ್ತಿಲ್ಲ, ಯಾವ ಕೀಲಿಯ ಮುಂದೆಯೂ ಆ ವಿಳಾಸ ಬರೆದಿಲ್ಲ. ‘ಡೆಸ್ಟಿನೇಷನ್ ಅಡ್ರೆಸ್ ರಿಕ್ವೈರ್ಡ್’ ಎಂದು ಬಂದರೆ ಯಾರೆಂದು ಗೊತ್ತು, ಎಲ್ಲಿದ್ದಾರೆಂದು ಗೊತ್ತಿಲ್ಲ. ಮೊದಲನೆಯದಕ್ಕೆ ಸೆಟ್ಟಿಂಗ್ ಫೈಲಿನ ಅಲೌಡ್ ಐಪೀಸ್ ಸಾಲು (ಯಾವ ವಿಳಾಸಗಳು ಯಾವ ಕೀಲಿಯವು) ನೋಡಿ, ಎರಡನೆಯದಕ್ಕೆ ಎಂಡ್‌ಪಾಯಿಂಟ್ ಸಾಲು (ಆ ಯಂತ್ರದ ಇಂಟರ್ನೆಟ್ ವಿಳಾಸ ಮತ್ತು ಪೋರ್ಟ್).

ಇನ್ನು ‘ಡಬ್ಲ್ಯೂಜಿ ಶೋ’ (wg show) ಕಮಾಂಡ್. ಮೊಬೈಲ್ ಆ್ಯಪಿನಲ್ಲಿ ಟನೆಲ್ ಹೆಸರು ಒತ್ತಿದರೆ ಹೆಚ್ಚುಕಡಿಮೆ ಇದೇ ವಿವರ ಸಿಗುತ್ತದೆ. ಅದರಲ್ಲಿ ನೋಡಬೇಕಾದ್ದು ಎರಡು ಸಾಲು. ಒಂದು, ಕೊನೆಯ ಹ್ಯಾಂಡ್‌ಶೇಕ್ (ಎರಡು ಯಂತ್ರಗಳು ಒಬ್ಬರನ್ನೊಬ್ಬರು ಗುರುತಿಸಿ ಮಾತುಕತೆಗೆ ತಾತ್ಕಾಲಿಕ ಕೀಲಿ ಮಾಡಿಕೊಳ್ಳುವುದು) ಆಗಿ ಎಷ್ಟು ಹೊತ್ತಾಯಿತು. ಮಾತುಕತೆ ನಡೆಯುತ್ತಿರುವಾಗ ಸುಮಾರು 2 ನಿಮಿಷಕ್ಕೊಮ್ಮೆ ಹೊಸ ಹ್ಯಾಂಡ್‌ಶೇಕ್ ಆಗಲೇಬೇಕು, 3 ನಿಮಿಷ ದಾಟಿದ ಕೀಲಿಯನ್ನು ವೈರ್‌ಗಾರ್ಡ್ ಬಳಸುವುದಿಲ್ಲ. ಯಾರೂ ಬಳಸದೆ ಸುಮ್ಮನಿದ್ದ ಸಂಪರ್ಕದಲ್ಲಿ ಹ್ಯಾಂಡ್‌ಶೇಕ್ ಹಳೆಯದಾಗಿದ್ದರೆ ಅದು ದೋಷವಲ್ಲ, ಒಂದು ಪಿಂಗ್ ಕೊಟ್ಟು ಮತ್ತೆ ನೋಡಿ. ಎರಡು, ಟ್ರಾನ್ಸ್‌ಫರ್ ಸಾಲು: ಎಷ್ಟು ಬಂತು, ಎಷ್ಟು ಹೋಯಿತು. ಮುಂದಿನ ಭಾಗಗಳೆಲ್ಲ ಈ ಎರಡು ಸಾಲುಗಳ ಮೇಲೆ ನಿಂತಿವೆ.

“ಎಲ್ಲಾ ನಿಂತೋಗಿದೆ, ಇಂಟರ್ನೆಟ್ಟೇ ಬರ್ತಿಲ್ಲ”

ಓವರ್‌ಲೇ ಮುಟ್ಟುವ ಮೊದಲು ಕೆಳಗಿನ ಇಂಟರ್ನೆಟ್ ಇದೆಯೇ ನೋಡಿ. ಅದೇ ವೈಫೈಗೆ ಸೇರಿಸಿದ ಮೊಬೈಲಿನಲ್ಲಿ ಸಿಮ್ ಡೇಟಾ ಆಫ್ ಮಾಡಿ, ವೈರ್‌ಗಾರ್ಡ್ ಆ್ಯಪನ್ನೂ ಆಫ್ ಮಾಡಿ ಒಂದು ವೆಬ್‌ಸೈಟ್ ತೆರೆಯಿರಿ. ತೆರೆಯದಿದ್ದರೆ ದೋಷ ಈ ಜಾಲದ್ದಲ್ಲ.

ಫೈಬರ್ ಪೆಟ್ಟಿಗೆಯಲ್ಲಿ ‘ಲಾಸ್’ ದೀಪ ಕೆಂಪಗೆ ಮಿಣುಕುತ್ತಿದ್ದರೆ ಬೆಳಕೇ ಬರುತ್ತಿಲ್ಲ ಎಂದರ್ಥ. ಪೆಟ್ಟಿಗೆಯ ಸೆಟ್ಟಿಂಗ್ ಪುಟದಲ್ಲಿ ಆರ್‌ಎಕ್ಸ್ ಪವರ್ ತೋರಿಸಿದರೆ ಅದು ಮೈನಸ್ 8ರಿಂದ ಮೈನಸ್ 27 ಡಿಬಿಎಂ ನಡುವೆ ಇರಬೇಕು. ಮೈನಸ್ 28, 29 ಇದ್ದರೆ ತಂತಿ ಎಲ್ಲೋ ಮಡಿಸಿದೆ ಅಥವಾ ಜೋಡಣೆ ಕೊಳೆಯಾಗಿದೆ. ಇಲ್ಲಿಗೆ ನಿಲ್ಲಿಸಿ, ಕೇಬಲ್ ಕಂಪನಿಯವರನ್ನು ಕರೆಯಿರಿ. ಫೈಬರ್ ತುದಿ ಬಿಚ್ಚಿ ಕಣ್ಣಿನ ಹತ್ತಿರ ಹಿಡಿದು ನೋಡಬೇಡಿ, ಒಳಗಿನ ಲೇಸರ್ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ. ನಮ್ಮ ಊರುಗಳಲ್ಲಿ ಈ ಕೇಬಲ್ ಎಷ್ಟೋ ಕಡೆ ಬೆಸ್ಕಾಂ ಕಂಬದ ಮೇಲೇ ಹಾದುಹೋಗುತ್ತದೆ. ಗಾಳಿಮಳೆಗೆ ಕೇಬಲ್ ಜೋತುಬಿದ್ದಿದ್ದರೆ ಮುಟ್ಟಬೇಡಿ, ಕೋಲಿನಿಂದಲೂ ಎತ್ತಬೇಡಿ. ಅದಕ್ಕೆ ಕರೆಂಟ್ ತಂತಿ ತಗುಲಿರಬಹುದು. 1912ಕ್ಕೆ ಫೋನ್ ಮಾಡಿ.

ಇಂಟರ್ನೆಟ್ ಇದ್ದು ಪೈ ಮಾತ್ರ ಪದೇ ಪದೇ ರೀಸ್ಟಾರ್ಟ್ ಆಗುತ್ತಿದ್ದರೆ ಅಡಾಪ್ಟರನ್ನು ಅನುಮಾನಿಸಿ. ಪೈ 4ಕ್ಕೆ ಬೇಕಾದ್ದು 5.1 ವೋಲ್ಟ್, 3 ಆ್ಯಂಪಿಯರ್. ಹಳೆಯ ಮೊಬೈಲ್ ಚಾರ್ಜರ್ ಮತ್ತು ತೆಳ್ಳಗಿನ ವೈರ್ ಹಾಕಿದರೆ ವೋಲ್ಟೇಜ್ 4.63ಕ್ಕಿಂತ ಕೆಳಗಿಳಿದು ಪೈ ಎಚ್ಚರಿಕೆ ದಾಖಲಿಸುತ್ತದೆ. ‘ವಿಸಿಜೆನ್‌ಕಮಾಂಡ್ ಗೆಟ್ ಥ್ರಾಟಲ್ಡ್’ (vcgencmd get_throttled) ಕೊಟ್ಟು ನೋಡಿ. ಬರೀ ಸೊನ್ನೆ ಬಂದರೆ ಸರಿ, 50000 ಬಂದರೆ ಆನ್ ಆದಂದಿನಿಂದ ಒಮ್ಮೆಯಾದರೂ ವೋಲ್ಟೇಜ್ ಕುಸಿದಿದೆ, 50005 ಬಂದರೆ ಈಗಲೂ ಕಡಿಮೆ ಇದೆ. ಮೊದಲು ಅಡಾಪ್ಟರ್ ಬದಲಿಸಿ. ಮೆಮೊರಿ ಕಾರ್ಡ್ ಹಾಳಾಗುವುದೂ ಹೆಚ್ಚಾಗಿ ಇದರಿಂದಲೇ.

ಯುಗಾದಿ ಕಳೆದು ಮುಂಗಾರು ಹಿಡಿಯುವವರೆಗಿನ ಗುಡುಗು ಮಳೆಯ ದಿನಗಳಲ್ಲಿ ಸಂಜೆ ಅಂಗಡಿ ಮುಚ್ಚುವಾಗ ಪವರ್ ವೈರಿನ ಜೊತೆ ಲ್ಯಾನ್ ವೈರನ್ನೂ ಕಿತ್ತಿಡಿ. ಚಾವಣಿಯ ಕ್ಯಾಮೆರಾದಿಂದ ಬಂದ ತಾಮ್ರದ ವೈರಿನ ಮೂಲಕವೂ ಸಿಡಿಲಿನ ಹೊಡೆತ ಪೋರ್ಟಿಗೆ ಬರುತ್ತದೆ. ಬರೀ ಪ್ಲಗ್ ಕಿತ್ತರೆ ಸಾಲದು.

“ಕರೆಂಟ್ ಹೋಗಿ ಬಂದ್ಮೇಲೆ ಸೇರ್ಕೊಳ್ತಿಲ್ಲ, ಆಮೇಲೆ ತಾನೇ ಸರಿಹೋಗುತ್ತೆ”

ಈ ಲಕ್ಷಣವನ್ನು ಜನ ಇಂಟರ್ನೆಟ್ ಕಂಪನಿಯ ಮೇಲೆ ಹಾಕಿ ಸುಮ್ಮನಾಗುತ್ತಾರೆ. ಬಹಳ ಸಲ ತಪ್ಪು ಗಡಿಯಾರದ್ದು.

ವೈರ್‌ಗಾರ್ಡ್ ಹ್ಯಾಂಡ್‌ಶೇಕ್‌ನ ಮೊದಲ ಸಂದೇಶದೊಳಗೆ ಕಳಿಸುವವರ ಗಡಿಯಾರದ ಹೊತ್ತು ಇರುತ್ತದೆ. ಆ ಕೀಲಿಯಿಂದ ಹಿಂದೆ ಬಂದ ಹೊತ್ತಿಗಿಂತ ಇದು ಮುಂದಿನದಾಗಿದ್ದರೆ ಮಾತ್ರ ಹಬ್ ಉತ್ತರಿಸುತ್ತದೆ. ಯಾರೋ ಹಳೆಯ ಸಂದೇಶವನ್ನು ಹಿಡಿದಿಟ್ಟು ಮತ್ತೆ ಕಳಿಸಿ ಮೋಸ ಮಾಡಬಾರದು ಎಂದು ಈ ಕಟ್ಟುಪಾಡು. ಪೈ 4 ಮತ್ತು ಅದಕ್ಕಿಂತ ಹಳೆಯ ಮಾದರಿಗಳಲ್ಲಿ ಬ್ಯಾಟರಿಯ ಗಡಿಯಾರ ಇಲ್ಲ. ಹೊತ್ತನ್ನು ಗಂಟೆಗೊಮ್ಮೆ ಕಾರ್ಡಿನಲ್ಲಿ ಬರೆದಿಡುವ ವ್ಯವಸ್ಥೆ ಇದ್ದರೆ, ಕರೆಂಟ್ ಥಟ್ಟನೆ ಹೋಗಿ ಬಂದಾಗ ಪೈ ಆ ಬರೆದಿಟ್ಟ ಹೊತ್ತಿನಿಂದಲೇ ಎಣಿಕೆ ಶುರುಮಾಡುತ್ತದೆ. ಹಬ್‌ಗೆ ಅದು ಹಳೆಯ ಹೊತ್ತು. ಉತ್ತರ ಕೊಡುವುದಿಲ್ಲ, ತಪ್ಪು ಸಂದೇಶವನ್ನೂ ಕಳಿಸುವುದಿಲ್ಲ.

ಇಂಟರ್ನೆಟ್ಟಿನಿಂದ ಸರಿಯಾದ ಹೊತ್ತು ಸಿಕ್ಕಿದ ಕೂಡಲೇ ಇದು ಸರಿಹೋಗಬೇಕು. ಹೋಗದಿರುವುದಕ್ಕೆ ಕಾರಣ ಸೆಟ್ಟಿಂಗಿನಲ್ಲಿರುತ್ತದೆ. ಪೈನ ಅಲೌಡ್ ಐಪೀಸ್‌ನಲ್ಲಿ 0.0.0.0/0 ಎಂದು ಬರೆದಿದ್ದರೆ ಎಲ್ಲ ಸಂಚಾರವೂ ಟನೆಲ್ ಒಳಗೇ ಹೋಗಬೇಕು, ಹೊತ್ತು ಕೇಳುವ ಸಂದೇಶವೂ ಅಲ್ಲಿಗೇ ಹೋಗುತ್ತದೆ. ಹೊತ್ತು ಸರಿಯಿಲ್ಲದೆ ಟನೆಲ್ ಏಳುವುದಿಲ್ಲ, ಟನೆಲ್ ಇಲ್ಲದೆ ಹೊತ್ತು ಸಿಗುವುದಿಲ್ಲ. ಪೈನ ಗಡಿಯಾರ ತಾನಾಗಿ ನಡೆಯುತ್ತಾ ಹಬ್ ಕೊನೆಗೆ ಕಂಡ ಹೊತ್ತನ್ನು ದಾಟಿದಾಗ ಮಾತ್ರ ಬಾಗಿಲು ತೆರೆಯುತ್ತದೆ. ಕರೆಂಟ್ ಎಷ್ಟು ಹೊತ್ತು ಹೋಗಿತ್ತು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಕೊನೆಯ ಸಲ ಹೊತ್ತು ಬರೆದಿಟ್ಟ ಮೇಲೆ ಕರೆಂಟ್ ಹೋಗುವವರೆಗೆ ಎಷ್ಟು ನಿಮಿಷ ಆಗಿತ್ತೋ ಹೆಚ್ಚುಕಡಿಮೆ ಅಷ್ಟೇ ನಿಮಿಷ ಕಾಯಬೇಕಾಗುತ್ತದೆ. ಒಂದು ದಿನ ಹತ್ತು ನಿಮಿಷ, ಇನ್ನೊಂದು ದಿನ ಮುಕ್ಕಾಲು ಗಂಟೆ ಆಗುವುದು ಇದಕ್ಕೇ.

ಪರೀಕ್ಷೆ ಸುಲಭ: ಪೈಗೆ ಮಾನಿಟರ್ ಕೀಬೋರ್ಡ್ ಹಾಕಿ ‘ಡೇಟ್’ ಎಂದು ಕೊಡಿ, ಮೊಬೈಲಿನ ಹೊತ್ತಿನ ಜೊತೆ ಹೋಲಿಸಿ. ಹಿಂದೆ ಇದ್ದರೆ ಕೈಯಿಂದ ಸರಿಪಡಿಸಿ. ಒಂದು ನಿಮಿಷದಲ್ಲಿ ಹ್ಯಾಂಡ್‌ಶೇಕ್ ಆದರೆ ರೋಗ ಗೊತ್ತಾದಂತೆ. ಶಾಶ್ವತ ಪರಿಹಾರ ಎರಡು. ದುಡ್ಡಿಲ್ಲದ್ದು: ಅಲೌಡ್ ಐಪೀಸ್‌ನಲ್ಲಿ 0.0.0.0/0 ತೆಗೆದು 10.50.0.0/24 ಮತ್ತು ಬೇರೆ ಊರುಗಳ ಒಳಜಾಲಗಳನ್ನು ಮಾತ್ರ ಬರೆಯಿರಿ. ಸ್ವಲ್ಪ ದುಡ್ಡಿನದು: ಡಿಎಸ್ 3231 ಗಡಿಯಾರದ ಮಾಡ್ಯೂಲ್ ಹಾಕಿಸಿ. ಪೈ 5ರಲ್ಲಿ ಗಡಿಯಾರ ಬೋರ್ಡಿನಲ್ಲೇ ಇದೆ, ಬ್ಯಾಟರಿ ಮಾತ್ರ ಬೇರೆ ತರಬೇಕು.

ಎಚ್ಚರಿಕೆ: ಅಗ್ಗದ ಡಿಎಸ್ 3231 ಮಾಡ್ಯೂಲ್‌ಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಸರ್ಕ್ಯೂಟ್ ಇರುತ್ತದೆ. ಅದು ರೀಚಾರ್ಜ್ ಆಗುವ ಎಲ್ಐಆರ್ 2032ಕ್ಕಾಗಿ ಮಾಡಿದ್ದು. ಅದಕ್ಕೆ ಮಾಮೂಲಿ ಸಿಆರ್ 2032 ಹಾಕಿ 5 ವೋಲ್ಟ್ ಕೊಟ್ಟರೆ ಸೆಲ್ ಉಬ್ಬಬಹುದು, ಸೋರಬಹುದು. ಪೈನ 3.3 ವೋಲ್ಟ್ ಪಿನ್ನಿಗೇ ಜೋಡಿಸಿ. ಬಟನ್ ಸೆಲ್ ಮಕ್ಕಳ ಕೈಗೆ ಸಿಗದಂತೆ ಇಡಿ. ನುಂಗಿದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಇದೇ ದೋಷದ ತಿರುವುಮುರುವು ರೂಪವೂ ಉಂಟು. ಯಾರೋ ಗಡಿಯಾರವನ್ನು ತಪ್ಪಾಗಿ ಮುಂದಿನ ವರ್ಷಕ್ಕೆ ಇಟ್ಟು, ಒಂದು ಹ್ಯಾಂಡ್‌ಶೇಕ್ ಆಗಿ, ಆಮೇಲೆ ಸರಿಪಡಿಸಿದರೆ ಹಬ್ ಆ ಕೀಲಿಯನ್ನು ಮುಂದಿನ ವರ್ಷದವರೆಗೂ ಒಪ್ಪುವುದಿಲ್ಲ. ಹಬ್‌ನಲ್ಲಿ ಆ ಪಿಯರನ್ನು (ಸಂಪರ್ಕದ ಇನ್ನೊಂದು ತುದಿಯ ಯಂತ್ರದ ದಾಖಲೆಯನ್ನು) ತೆಗೆದು ಮತ್ತೆ ಸೇರಿಸಿದರೆ ಹಳೆಯ ನೆನಪು ಅಳಿಯುತ್ತದೆ.

“ಹೋಗಿದ್ದು ಏರುತ್ತೆ, ಬಂದಿದ್ದು ಸೊನ್ನೆ”

ಟ್ರಾನ್ಸ್‌ಫರ್ ಸಾಲಿನಲ್ಲಿ ಕಳಿಸಿದ್ದು 148, 296, 444 ಎಂದು 148ರ ಮಗ್ಗಿಯಂತೆ ಏರುತ್ತಾ, ಬಂದದ್ದು 0 ಆಗಿಯೇ ಇದ್ದರೆ ನಿಮ್ಮ ಯಂತ್ರ ಸುಮಾರು 5 ಸೆಕೆಂಡಿಗೊಮ್ಮೆ ಬಾಗಿಲು ತಟ್ಟುತ್ತಿದೆ, ಆ ಕಡೆಯಿಂದ ಓಗೊಡುವವರಿಲ್ಲ. ಹ್ಯಾಂಡ್‌ಶೇಕ್‌ನ ಮೊದಲ ಸಂದೇಶದ ಗಾತ್ರ 148 ಬೈಟ್, ಉತ್ತರದ್ದು 92.

ಇಲ್ಲಿ ತೊಂದರೆ ಏನೆಂದರೆ ವೈರ್‌ಗಾರ್ಡ್ ಗುರುತಿಲ್ಲದವರಿಗೆ ಉತ್ತರವನ್ನೇ ಕೊಡುವುದಿಲ್ಲ. ದಾರಿ ಮುಚ್ಚಿದ್ದರೂ ಮೌನ, ಗುರುತು ತಪ್ಪಿದ್ದರೂ ಮೌನ. ಹೊರಗೆ ನಿಂತವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಆದ್ದರಿಂದ ಹಬ್‌ನ ಕಡೆಯಿಂದ ನೋಡಲೇಬೇಕು. ಹಬ್‌ಗೆ ಲಾಗಿನ್ ಆಗಿ ಟಿಸಿಪಿಡಂಪ್‌ನಲ್ಲಿ (ಬಂದು ಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಕಮಾಂಡ್) ಯುಡಿಪಿ ಪೋರ್ಟ್ 51820 (ಅಥವಾ ನೀವು ಇಟ್ಟ ಪೋರ್ಟ್) ಮೇಲೆ ಕಣ್ಣಿಡಿ.

148 ಬೈಟಿನ ಪ್ಯಾಕೆಟ್ ಬರುತ್ತಲೇ ಇಲ್ಲದಿದ್ದರೆ ಅದು ‘ಎಲ್ಲಿ’ ದೋಷ. ಕ್ಲೌಡ್ ಕಂಪನಿಯ ಫೈರ್‌ವಾಲ್ ಪುಟದಲ್ಲಿ ಪೋರ್ಟ್ ತೆರೆದಿದೆಯೇ, ಯುಡಿಪಿಗೇ ತೆರೆದಿದೆಯೇ ನೋಡಿ. ಯುಡಿಪಿ, ಟಿಸಿಪಿ ಎಂಬುವು ಪ್ಯಾಕೆಟ್ ಸಾಗಿಸುವ ಎರಡು ಬೇರೆ ಬೇರೆ ವಿಧಾನ, ವೈರ್‌ಗಾರ್ಡ್ ಬಳಸುವುದು ಯುಡಿಪಿ. ಟಿಸಿಪಿಗೆ ತೆರೆದು ಗಂಟೆಗಟ್ಟಲೆ ಕೂತವರು ಬಹಳ. ಪೋರ್ಟ್ ಪರೀಕ್ಷೆ ಮಾಡುವ ವೆಬ್‌ಸೈಟ್‌ಗಳು ಹೆಚ್ಚಾಗಿ ನೋಡುವುದು ಟಿಸಿಪಿಯನ್ನೇ, ಅವು ‘ಮುಚ್ಚಿದೆ’ ಎಂದರೆ ಇಲ್ಲಿ ಏನೂ ಅರ್ಥವಿಲ್ಲ. ಎಂಡ್‌ಪಾಯಿಂಟ್‌ನಲ್ಲಿ ಡೊಮೇನ್ ಹೆಸರು ಬರೆದಿದ್ದರೆ ಇನ್ನೊಂದು ಸಂಗತಿ: ಆ ಹೆಸರನ್ನು ವೈರ್‌ಗಾರ್ಡ್ ಐಪಿಗೆ ಬದಲಿಸುವುದು ಟನೆಲ್ ಏಳುವಾಗ ಒಮ್ಮೆ ಮಾತ್ರ. ಹಬ್‌ನ ಐಪಿ ಆಮೇಲೆ ಬದಲಾದರೆ ಪೈ ಹಳೆಯ ಮನೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ. ಟನೆಲ್ ಇಳಿಸಿ ಎಬ್ಬಿಸಿದರೆ ಸರಿಯಾಗುತ್ತದೆ. ಹಬ್‌ಗೆ ಬದಲಾಗದ ಐಪಿ ತೆಗೆದುಕೊಳ್ಳುವುದೇ ಒಳ್ಳೆಯದು.

ಪ್ಯಾಕೆಟ್ ಬರುತ್ತಿದ್ದು ಹಬ್ ಉತ್ತರಿಸದಿದ್ದರೆ ಅದು ಹೆಚ್ಚಾಗಿ ‘ಯಾರು’ ದೋಷ. ಗಡಿಯಾರದ ಮಾತು ಮೇಲೆ ಆಯಿತು. ಉಳಿದದ್ದು ಕೀಲಿ. ವೈರ್‌ಗಾರ್ಡ್ ಕೀಲಿಗೆ 44 ಅಕ್ಷರ, ಕೊನೆಯದು ಸಮ ಚಿಹ್ನೆ (=). ಪ್ರೈವೇಟ್ ಕೀಯೂ 44, ಪಬ್ಲಿಕ್ ಕೀಯೂ 44, ನೋಡಲು ಒಂದೇ ಥರ. ಹಾಗಾಗಿ ಒಂದರ ಜಾಗದಲ್ಲಿ ಇನ್ನೊಂದನ್ನು ಅಂಟಿಸಿದರೂ ಯಾವ ಎಚ್ಚರಿಕೆಯೂ ಬರುವುದಿಲ್ಲ. ಪೈನಲ್ಲಿ ‘ಡಬ್ಲ್ಯೂಜಿ ಶೋ’ ಕೊಟ್ಟಾಗ ಇಂಟರ್‌ಫೇಸ್ ಕೆಳಗೆ ಕಾಣುವ ಪಬ್ಲಿಕ್ ಕೀ ಮತ್ತು ಹಬ್‌ನಲ್ಲಿ ಆ ಪಿಯರ್ ಮುಂದೆ ಬರೆದಿರುವ ಕೀ ಅಕ್ಷರ ಅಕ್ಷರ ಒಂದೇ ಇರಬೇಕು. ಅದೇ ರೀತಿ ಹಬ್‌ನದು ಪೈನಲ್ಲಿ. ಫೋನಿನಲ್ಲಿ ಓದಿ ಹೇಳಿ ಬರೆದುಕೊಂಡ ಕೀಲಿಯಲ್ಲಿ ಇಂಗ್ಲಿಷ್ ಓ ಮತ್ತು ಸೊನ್ನೆ, ದೊಡ್ಡ ಐ ಮತ್ತು ಚಿಕ್ಕ ಎಲ್ ಅದಲುಬದಲಾಗುತ್ತವೆ. ಪಬ್ಲಿಕ್ ಕೀಯನ್ನು ಮೆಸೇಜಿನಲ್ಲಿ ಕಳಿಸುವುದಕ್ಕೆ ಅಡ್ಡಿಯಿಲ್ಲ. ಪ್ರೈವೇಟ್ ಕೀಯನ್ನು ಯಾರಿಗೂ, ಸಹಾಯಕ್ಕೆ ಬಂದ ಟೆಕ್ನಿಷಿಯನ್‌ಗೂ, ಕಳಿಸಬೇಡಿ.

ಪ್ಯಾಕೆಟ್ ಬಂದು, ಹಬ್ 92 ಬೈಟ್ ಉತ್ತರ ಕಳಿಸಿಯೂ ಪೈಗೆ ಮುಟ್ಟದಿದ್ದರೆ ಮತ್ತೆ ‘ಎಲ್ಲಿ’ ಕಡೆಯದೇ, ಈ ಸಲ ವಾಪಸ್ ದಾರಿಯದು. ಆ ಜಾಗದಲ್ಲಿ ಮೊಬೈಲ್ ಹಾಟ್‌ಸ್ಪಾಟ್‌ಗೆ ಪೈ ಜೋಡಿಸಿ ನೋಡಿ. ಅದರಲ್ಲಿ ಆಗಿ ಫೈಬರ್‌ನಲ್ಲಿ ಆಗದಿದ್ದರೆ ರೂಟರ್ ಅಥವಾ ಕಂಪನಿಯ ಕಡೆ ಯುಡಿಪಿಗೆ ಅಡ್ಡಿ ಇದೆ.

“ಮೊದಲು ಬಂತು, ಬಿಟ್ಟು ನೋಡಿದ್ರೆ ಸಿಗ್ತಿಲ್ಲ”

ಶಿಡ್ಲಘಟ್ಟದಿಂದ ಹೊರಗೆ ಹೋಗುವುದು ಸರಾಗ, ಹೊರಗಿಂದ ಶಿಡ್ಲಘಟ್ಟದ ಕ್ಯಾಮೆರಾ ನೋಡಲು ಹೋದರೆ ಇಲ್ಲ. ಅಲ್ಲಿಯವರು ಏನಾದರೂ ತೆರೆದ ಕೂಡಲೇ ಮತ್ತೆ ಬರುತ್ತದೆ. 4ಜಿ ಡಾಂಗಲ್ ಇರುವ ಕಡೆ ಇದು ಮಾಮೂಲು.

ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ (ಹೊರಗಿನ ಇಂಟರ್ನೆಟ್ ಕಡೆಯ) ವಿಳಾಸ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ನೀವು ಕಂಪನಿಯ ದೊಡ್ಡ ನ್ಯಾಟ್ ಹಿಂದೆ ಇದ್ದೀರಿ. ಒಂದು ಐಪಿಯನ್ನು ಎಷ್ಟೋ ಗ್ರಾಹಕರು ಹಂಚಿಕೊಂಡಿರುತ್ತಾರೆ. ಒಳಗಿಂದ ಹೊರಟ ಪ್ಯಾಕೆಟ್ಟಿನ ಹೆಜ್ಜೆಗುರುತಿನ ಮೇಲೆಯೇ ಉತ್ತರ ಒಳಗೆ ಬರಬೇಕು, ಸ್ವಲ್ಪ ಹೊತ್ತು ಸುಮ್ಮನಿದ್ದರೆ ಆ ಗುರುತು ಅಳಿಸಿಹೋಗುತ್ತದೆ. ಹಬ್‌ಗೆ ಶಿಡ್ಲಘಟ್ಟ ಯಾರೆಂದು ಗೊತ್ತು, ತಲುಪುವ ದಾರಿ ಮಾತ್ರ ಇಲ್ಲ.

ಪೈನ ಸೆಟ್ಟಿಂಗಿನಲ್ಲಿ, ಹಬ್‌ನ ಪಿಯರ್ ಕೆಳಗೆ, ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಎಂದು ಬರೆಯಿರಿ. ಆಗ ಪೈ 25 ಸೆಕೆಂಡಿಗೊಮ್ಮೆ ಒಂದು ಪುಟ್ಟ ಪ್ಯಾಕೆಟ್ ಕಳಿಸಿ ಆ ಗುರುತು ಅಳಿಸದಂತೆ ಉಳಿಸುತ್ತದೆ. ಹಬ್‌ನಲ್ಲಿ ಬರೆದರೆ ಪ್ರಯೋಜನವಿಲ್ಲ, ನ್ಯಾಟ್ ಹಿಂದೆ ಇರುವವರೇ ಮೊದಲು ಹೊರಗೆ ಬರಬೇಕು. ಡೇಟಾ ಖರ್ಚಾಗುತ್ತದೆಂಬ ಹೆದರಿಕೆ ಬೇಡ: 25 ಸೆಕೆಂಡಿಗೆ ಹೆಡರ್ ಸೇರಿ 60 ಬೈಟ್ ಎಂದರೆ ದಿನಕ್ಕೆ 3,456 ಸಲ, ಸುಮಾರು 2 ಲಕ್ಷ ಬೈಟ್. ಹ್ಯಾಂಡ್‌ಶೇಕ್‌ಗಳನ್ನೂ ಸೇರಿಸಿದರೆ ದಿನಕ್ಕೆ ಒಂದು ಎಂಬಿಯ ಒಳಗೇ ಮುಗಿಯುತ್ತದೆ.

“ಹೊಸ ಮೊಬೈಲ್ ಸೇರಿಸಿದ್ವಿ, ಹಳೇ ಅಂಗಡಿ ನಿಂತೋಯ್ತು”

ಇದು ಅಪ್ಪಟ ಗುರುತಿನ ದೋಷ, ಎರಡು ಬಗೆ.

ಮೊದಲನೆಯದರಲ್ಲಿ ಹ್ಯಾಂಡ್‌ಶೇಕ್ ತಾಜಾ ಇರುತ್ತದೆ, ಆದರೆ ಪಿಂಗ್ ಬರುವುದಿಲ್ಲ. ವೈರ್‌ಗಾರ್ಡ್‌ನಲ್ಲಿ ಅಲೌಡ್ ಐಪೀಸ್ ಎಂದರೆ ‘ಈ ವಿಳಾಸಗಳಿಗೆ ಈ ಕೀಲಿಯೇ ಒಡೆಯ’ ಎಂಬ ಖಾತೆ. ಪಹಣಿಯಲ್ಲಿ ಜಂಟಿ ಹೆಸರು ಇರಬಹುದು, ಇಲ್ಲಿ ಇಲ್ಲ. ಒಂದೇ ವಿಳಾಸವನ್ನು ಇಬ್ಬರಿಗೆ ಬರೆದರೆ ಕೊನೆಯಲ್ಲಿ ಬರೆದವರಿಗೆ ಹೋಗುತ್ತದೆ, ಮೊದಲಿದ್ದವರಿಂದ ಸದ್ದಿಲ್ಲದೆ ಕಿತ್ತುಕೊಳ್ಳಲಾಗುತ್ತದೆ. ‘ಡಬ್ಲ್ಯೂಜಿ ಶೋ’ದಲ್ಲಿ ಹಳೆಯ ಪಿಯರ್ ಮುಂದೆ ‘ನನ್’ (none, ಯಾವುದೂ ಇಲ್ಲ) ಎಂದು ಕಂಡರೆ ಇದೇ ಆಗಿದೆ. ಕೋಲಾರದ ಪಿಯರ್‌ಗೆ 10.50.0.21/32 (/32 ಎಂದರೆ ಅದೊಂದೇ ವಿಳಾಸ) ಬರೆಯುವ ಬದಲು 10.50.0.0/24 ಬರೆದು, ಅದೇ ಸಾಲನ್ನು ನಕಲು ಮಾಡಿ ಇನ್ನೊಬ್ಬರಿಗೂ ಹಾಕುವುದೇ ಸಾಮಾನ್ಯ ತಪ್ಪು. ಹಬ್‌ನಲ್ಲಿ ಪ್ರತಿ ಪಿಯರ್‌ಗೆ ಅದರದೇ /32 ಮತ್ತು ಅದರ ಹಿಂದಿನ ಒಳಜಾಲ, ಇಷ್ಟೇ ಇರಬೇಕು.

ಎರಡನೆಯದು ಇನ್ನೂ ಕಾಡಿಸುವಂಥದ್ದು: ಎರಡು ಯಂತ್ರ, ಒಂದೇ ಕೀಲಿ. ಕೆಲಸ ಮಾಡುತ್ತಿದ್ದ ಮೆಮೊರಿ ಕಾರ್ಡನ್ನು ನಕಲು ತೆಗೆದು ಹೊಸ ಪೈಗೆ ಹಾಕಿದಾಗ, ಒಂದೇ ಕ್ಯೂಆರ್ ಕೋಡನ್ನು ಇಬ್ಬರು ಸ್ಕ್ಯಾನ್ ಮಾಡಿದಾಗ ಹೀಗಾಗುತ್ತದೆ. ಒಂದು ಬರುವಾಗ ಇನ್ನೊಂದು ಹೋಗುತ್ತದೆ, ಅರ್ಧ ನಿಮಿಷ ಇದಕ್ಕೆ, ಅರ್ಧ ನಿಮಿಷ ಅದಕ್ಕೆ. ಹಬ್ ಕೊನೆಯದಾಗಿ ಎಲ್ಲಿಂದ ಸರಿಯಾದ ಪ್ಯಾಕೆಟ್ ಬಂತೋ ಅಲ್ಲಿಗೇ ಉತ್ತರ ಕಳಿಸುತ್ತದೆ. ವೈಫೈ ಬಿಟ್ಟು 4ಜಿಗೆ ಹೋದ ಮೊಬೈಲ್ ಸಂಪರ್ಕ ಕಡಿಯದೇ ಉಳಿಯುವುದೂ ಈ ಗುಣದಿಂದಲೇ. ಅದೇ ಗುಣ ಇಲ್ಲಿ ಮುಳುವಾಗುತ್ತದೆ. ಹಬ್‌ನಲ್ಲಿ ಹತ್ತು ಸೆಕೆಂಡಿಗೊಮ್ಮೆ ಆರೇಳು ಸಲ ‘ಡಬ್ಲ್ಯೂಜಿ ಶೋ’ ಕೊಡಿ. ಎಂಡ್‌ಪಾಯಿಂಟ್ ಒಮ್ಮೆ ಬದಲಾಗಿ ನಿಂತರೆ ಅದು ಓಡಾಟ. ಎರಡು ವಿಳಾಸಗಳ ನಡುವೆ ಅತ್ತಿತ್ತ ಜೀಕುತ್ತಿದ್ದರೆ ಜೋಡಿ ಕೀಲಿ. ಒಂದು ಯಂತ್ರದಲ್ಲಿ ಹೊಸ ಕೀಲಿ ಮಾಡಿ, ಹೊಸ ಪಿಯರ್ ಆಗಿ, ಹೊಸ ವಿಳಾಸದೊಂದಿಗೆ ಸೇರಿಸಿ. ಎರಡನೇ ಯಂತ್ರ ಯಾವುದೆಂದು ನಿಮ್ಮಲ್ಲಿ ಯಾರಿಗೂ ಗೊತ್ತಾಗದಿದ್ದರೆ ಕೀಲಿ ಕದ್ದಿದ್ದಾರೆ ಎಂದೇ ತಿಳಿದು ಕೊನೆಯ ಭಾಗದಲ್ಲಿ ಹೇಳಿದಂತೆ ಮಾಡಿ.

ಹಬ್‌ನ ಸೆಟ್ಟಿಂಗ್ ಮುಟ್ಟುವಾಗ ಒಂದು ಎಚ್ಚರ. ಟನೆಲ್ ಮೂಲಕವೇ ಹಬ್‌ಗೆ ಲಾಗಿನ್ ಆಗಿ ಟನೆಲ್ ಇಳಿಸಿದರೆ ಕೂತ ಕೊಂಬೆಯನ್ನೇ ಕಡಿದಂತೆ, ಮತ್ತೆ ಒಳಗೆ ಹೋಗಲು ದಾರಿ ಇರುವುದಿಲ್ಲ. ಹಬ್‌ನ ಸಾರ್ವಜನಿಕ ಐಪಿಯಿಂದ ಲಾಗಿನ್ ಆಗಿ, ಅಥವಾ ಕ್ಲೌಡ್ ಕಂಪನಿಯ ಕನ್ಸೋಲ್ ತೆರೆದಿಟ್ಟುಕೊಳ್ಳಿ. ಹಳೆಯ ಫೈಲಿನ ಪ್ರತಿ ಇಟ್ಟು, ‘ಡಬ್ಲ್ಯೂಜಿ ಸಿಂಕ್‌ಕಾನ್ಫ್’ (wg syncconf) ಬಳಸಿ. ಅದು ಬದಲಾದ ಪಿಯರನ್ನು ಮಾತ್ರ ಮುಟ್ಟುತ್ತದೆ, ಉಳಿದವರ ಸಂಪರ್ಕ ಕಡಿಯುವುದಿಲ್ಲ. ಮಂಡಿಯಲ್ಲಿ ಹರಾಜು ನಡೆಯುವ ಬೆಳಗಿನ ಹೊತ್ತಿನಲ್ಲಿ ಇದಕ್ಕೆ ಕೈ ಹಾಕಬೇಡಿ.

“ಪಿಂಗ್ ಬರುತ್ತೆ, ಕ್ಯಾಮೆರಾ ಬರಲ್ಲ”

ಲಾಗಿನ್ ಪುಟ ಬರುತ್ತದೆ, ವಿಡಿಯೊ ಕಪ್ಪಗೆ ನಿಲ್ಲುತ್ತದೆ. ಚಿಕ್ಕ ಬಿಲ್ ತೆರೆಯುತ್ತದೆ, ದೊಡ್ಡ ಪಿಡಿಎಫ್ ಅರ್ಧಕ್ಕೆ ನಿಲ್ಲುತ್ತದೆ. ಗುರುತು ಸರಿ, ದಾರಿಯೂ ಇದೆ, ದಾರಿಯ ಅಗಲ ಸಾಲದು.

ಮಾಮೂಲಿ ಜಾಲದಲ್ಲಿ ಒಂದು ಪ್ಯಾಕೆಟ್ಟಿನ ಮಿತಿ 1500 ಬೈಟ್. ವೈರ್‌ಗಾರ್ಡ್ ತನ್ನ ಹೊದಿಕೆಗೆ ಐಪಿವಿ4 ಮೇಲಾದರೆ 60, ಐಪಿವಿ6 ಮೇಲಾದರೆ 80 ಬೈಟ್ ತೆಗೆದುಕೊಳ್ಳುತ್ತದೆ. ಅದಕ್ಕೇ ಅದರ ಮಾಮೂಲಿ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1420. ಫೈಬರ್‌ನಲ್ಲಿ ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವ ಬಗೆ) ಇದ್ದರೆ ಕೆಳಗಿನ ಮಿತಿಯೇ 1492, ಆಗ 1412 ಬೇಕು. 4ಜಿ ಜಾಲದಲ್ಲಿ ಇನ್ನೂ ಕಡಿಮೆ ಇರಬಹುದು. ಹೆಚ್ಚಾದದ್ದು ತುಂಡಾಗಿ ಹೋಗುತ್ತದೆ, ತುಂಡುಗಳನ್ನು ನಡುವೆ ಯಾರೋ ಬಿಸಾಡುತ್ತಾರೆ.

ಲಿನಕ್ಸ್‌ನಲ್ಲಿ ತುಂಡು ಮಾಡಬಾರದು ಎಂಬ ಆಯ್ಕೆ ಕೊಟ್ಟು ಆ ತುದಿಯ 10.50 ವಿಳಾಸಕ್ಕೆ 1392 ಬೈಟಿನ ಪಿಂಗ್ ಕಳಿಸಿ (28 ಸೇರಿ 1420). ಬರದಿದ್ದರೆ 1352, 1312, 1252 ಎಂದು ಇಳಿಸಿ. ಎಲ್ಲಿ ಉತ್ತರ ಬರುತ್ತದೋ ಅದಕ್ಕೆ 28 ಕೂಡಿಸಿದ್ದು ನಿಮ್ಮ ಎಂಟಿಯು. ಅಷ್ಟು ತಾಳ್ಮೆ ಇಲ್ಲದಿದ್ದರೆ ನೇರವಾಗಿ 1280 ಇಡಿ. ಆದರೆ ಹಬ್ ಸೇರಿ ಎಲ್ಲ ಕಡೆ ಇಡಿ, ಏಕೆಂದರೆ ಪ್ರತಿ ತುದಿಯೂ ತಾನು ಕಳಿಸುವುದರ ಗಾತ್ರವನ್ನು ಮಾತ್ರ ತೀರ್ಮಾನಿಸುತ್ತದೆ. ಕ್ಯಾಮೆರಾ ಕಳಿಸುವವರು ಶಿಡ್ಲಘಟ್ಟದವರು, ನೋಡುವವರ ಮೊಬೈಲಿನಲ್ಲಿ ಮಾತ್ರ ಬದಲಿಸಿದರೆ ಸಾಲದು. 1280ಕ್ಕಿಂತ ಕೆಳಗೆ ಹೋಗಬೇಡಿ, ಐಪಿವಿ6ಗೆ ಅದೇ ಕನಿಷ್ಠ. ಇಷ್ಟಾದರೂ ಪೈ ಹಿಂದಿನ ಡಿವಿಆರ್ (ಕ್ಯಾಮೆರಾ ರೆಕಾರ್ಡರ್) ತಡವರಿಸಿದರೆ ಪೈನ ಫೈರ್‌ವಾಲ್‌ನಲ್ಲಿ ಎಂಎಸ್‌ಎಸ್ ಕ್ಲ್ಯಾಂಪಿಂಗ್ (ಟಿಸಿಪಿ ತುಂಡಿನ ಗಾತ್ರಕ್ಕೆ ಮಿತಿ) ಹಾಕಿ, 1280ಕ್ಕೆ 1240.

“ಪೈ ಸಿಗುತ್ತೆ, ಅದರ ಹಿಂದಿನ ಡಿವಿಆರ್ ಸಿಗಲ್ಲ”

ಹಬ್‌ನಲ್ಲೂ ಪೈನಲ್ಲೂ ಐಪಿ ಫಾರ್ವರ್ಡಿಂಗ್ (ಬೇರೆಯವರ ಪ್ಯಾಕೆಟ್ಟನ್ನು ಮುಂದಕ್ಕೆ ದಾಟಿಸುವ ಸೆಟ್ಟಿಂಗ್) 1 ಇದೆಯೇ ನೋಡಿ. ಆಮೇಲೆ ಡಿವಿಆರ್‌ನ ಗೇಟ್‌ವೇ. ಅದು ಮನೆಯ ರೂಟರ್‌ಗೆ ತೋರುತ್ತಿದ್ದರೆ ಉತ್ತರ ಪೈ ಕಡೆ ಬಾರದೆ ರೂಟರ್‌ಗೆ ಹೋಗಿ ಕಳೆದುಹೋಗುತ್ತದೆ. ರೂಟರ್‌ನಲ್ಲಿ 10.50.0.0/24ಕ್ಕೆ ದಾರಿ ಪೈನ ವಿಳಾಸ (ಉದಾಹರಣೆಗೆ 192.168.31.2) ಎಂದು ಒಂದು ಸ್ಟಾಟಿಕ್ ರೂಟ್ ಬರೆಯಿರಿ, ಬೇರೆ ಊರುಗಳ ಒಳಜಾಲಗಳಿಗೂ ಹಾಗೇ. ವಿಂಡೋಸ್ ಕಂಪ್ಯೂಟರ್ ಆದರೆ ಬೇರೆ ಜಾಲದಿಂದ ಬಂದ ಪಿಂಗ್‌ಗೆ ಅದರ ಫೈರ್‌ವಾಲ್ ಉತ್ತರಿಸದೇ ಇರಬಹುದು. ಪಿಂಗ್ ಬರಲಿಲ್ಲವೆಂದು ದಾರಿ ಇಲ್ಲ ಅನ್ನಬೇಡಿ, ಫೈರ್‌ವಾಲನ್ನು ಪೂರ್ತಿ ಆಫ್ ಮಾಡಲೂ ಬೇಡಿ, 10.50.0.0/24ಕ್ಕೆ ಮಾತ್ರ ಅನುಮತಿ ಕೊಡಿ.

ಎರಡು ಊರಲ್ಲೂ ಒಳಜಾಲ 192.168.1.0/24 ಆಗಿದ್ದರೆ ಯಾವ ಸೆಟ್ಟಿಂಗೂ ಸರಿಯಾಗಿ ನಡೆಯದು. ರೂಟರ್‌ಗಳು ಹೆಚ್ಚಾಗಿ ಇದೇ ಇಲ್ಲವೇ 192.168.0.0/24 ಹಾಕಿಕೊಂಡೇ ಬರುತ್ತವೆ. ಒಂದು ಊರಿನದನ್ನು ಬದಲಿಸಲೇಬೇಕು, ಆಗ ಡಿವಿಆರ್, ಪ್ರಿಂಟರ್, ತೂಕದ ಯಂತ್ರಕ್ಕೆ ಕೈಯಿಂದ ಕೊಟ್ಟ ವಿಳಾಸಗಳೂ ಬದಲಾಗಬೇಕು. ಅರ್ಧ ದಿನದ ಕೆಲಸ, ಯಂತ್ರಗಳ ಪಟ್ಟಿ ಬರೆದಿಟ್ಟುಕೊಂಡು ರಜೆಯ ದಿನ ಮಾಡಿ.

“ಮೊಬೈಲ್ ಕಳೆದೋಯ್ತು”, “ಕ್ಯೂಆರ್ ಗ್ರೂಪಿಗೆ ಹೋಯ್ತು”

ಇಲ್ಲಿ ಪರೀಕ್ಷೆ ಮಾಡುತ್ತಾ ಕೂರಬಾರದು. ವೈರ್‌ಗಾರ್ಡ್‌ನ ಕ್ಯೂಆರ್ ಚಿತ್ರದೊಳಗೆ ಪ್ರೈವೇಟ್ ಕೀ ಪೂರ್ತಿಯಾಗಿ ಇರುತ್ತದೆ. ಅದರ ಫೋಟೊ ಯಾರ ಬಳಿ ಇದೆಯೋ ಅವರು ಈ ಜಾಲದಲ್ಲಿ ನೀವೇ. ಗ್ರೂಪಿನಿಂದ ಡಿಲೀಟ್ ಮಾಡಿದರೂ ಡೌನ್‌ಲೋಡ್ ಆದದ್ದು ಉಳಿಯುತ್ತದೆ. ವೈರ್‌ಗಾರ್ಡ್ ಕೀಲಿಗೆ ಅವಧಿ ಮುಗಿಯುವುದು ಎಂಬುದಿಲ್ಲ, ಪಾಸ್‌ವರ್ಡ್ ಬದಲಿಸುವ ಕೇಂದ್ರ ಕಚೇರಿಯೂ ಇಲ್ಲ. ತೆಗೆದುಹಾಕುವವರು ನೀವೇ.

ಮೊದಲು ಹಬ್‌ನ ‘ಡಬ್ಲ್ಯೂಜಿ ಶೋ’ ಪುಟದ ಒಂದು ಫೋಟೊ ತೆಗೆದಿಟ್ಟು, ಕೂಡಲೇ ಹಬ್‌ನಲ್ಲಿ ಆ ಪಿಯರನ್ನು ತೆಗೆಯಿರಿ, ಚಾಲ್ತಿಯಲ್ಲಿರುವುದರಿಂದಲೂ ಫೈಲಿನಿಂದಲೂ. ಫೈಲಿನಲ್ಲಿ ಬಿಟ್ಟರೆ ಮುಂದಿನ ರೀಸ್ಟಾರ್ಟ್‌ಗೆ ಕಳ್ಳ ಮತ್ತೆ ಒಳಗೆ. ಆ ಮೊಬೈಲ್ ಹಬ್ ಬಿಟ್ಟು ಬೇರೆ ಪೈಗೆ ನೇರವಾಗಿಯೂ ಸೇರಿದ್ದರೆ ಅಲ್ಲಿಂದಲೂ ತೆಗೆಯಿರಿ. ಆಮೇಲೆ ಹೊಸ ಕೀಲಿ ಮಾಡಿ. ಕಳೆದದ್ದು ಪೈ ಆಗಿದ್ದರೂ ಇದೇ ಕ್ರಮ. ಹಬ್‌ನ ಪ್ರೈವೇಟ್ ಕೀಯೇ ಹೊರಬಿದ್ದಿದ್ದರೆ ಮಾತ್ರ ಹಬ್‌ಗೂ ಹೊಸ ಕೀಲಿ ಮಾಡಿ ಅದರ ಪಬ್ಲಿಕ್ ಕೀಯನ್ನು ಎಲ್ಲ ಊರುಗಳಲ್ಲೂ ಬದಲಿಸಬೇಕಾಗುತ್ತದೆ. ದೂರದಿಂದ ಮಾಡಲು ಹೋಗಬೇಡಿ, ಪ್ರತಿ ಜಾಗಕ್ಕೂ ಒಬ್ಬರು ಹೋಗಿ ಮಾಡಲಿ.

ಡಿವಿಆರ್‌ಗೆ, ಬಿಲ್ಲಿಂಗ್ ಕಂಪ್ಯೂಟರ್‌ಗೆ ಬೇರೆ ಪಾಸ್‌ವರ್ಡ್ ಇದ್ದರೂ ಬದಲಿಸಿ. ಜಾಲದ ಒಳಗಿನ ಕಂಪ್ಯೂಟರಿನಿಂದ ಹಣ ವರ್ಗಾವಣೆ ಆಗಿರುವುದು ಕಂಡರೆ ಆ ಕಂಪ್ಯೂಟರಿನ ಲ್ಯಾನ್ ವೈರ್ ಕಿತ್ತು, ಅದನ್ನು ಆಫ್ ಮಾಡದೆ, ಫಾರ್ಮ್ಯಾಟ್ ಮಾಡದೆ ಹಾಗೇ ಇಟ್ಟು ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಹಬ್‌ನ ‘ಡಬ್ಲ್ಯೂಜಿ ಶೋ’ ಪುಟದ ಫೋಟೊವನ್ನು ಪಿಯರ್ ತೆಗೆಯುವ ಮೊದಲೇ ತೆಗೆದಿಡಲು ಹೇಳಿದ್ದು ಇಂಥ ಹೊತ್ತಿಗೇ. ಕೊನೆಯ ಎಂಡ್‌ಪಾಯಿಂಟ್ ಐಪಿ ಕಾಣುವುದು ಅದರಲ್ಲೇ, ಪಿಯರ್ ತೆಗೆದ ಮೇಲೆ ಅದು ಸಿಗುವುದಿಲ್ಲ.